ಇಟಾಚಿಯ ಕಣ್ಣಿಗೆ ಏನಾಗಿತ್ತು?

ಮಸಾಶಿ ಕಿಶಿಮೊಟೊ ಅವರ ‘ನರುಟೊ’ ಎಂಬ, ನಿಂಜಾಗಳ ಕಥೆ ಹೇಳುವ ಜಪಾನಿ ಚಿತ್ರಕಥೆಯಲ್ಲಿ (ಮಂಗಾದಲ್ಲಿ), ಅಪಹೃತನಾದ ಗಾರಾನನ್ನು ಬಿಡಿಸಿಕೊಂಡು ಬರಲು ಹೊರಟ ಕಕಾಶಿಯ ದಾರಿಗೆ ಇಟಾಚಿ ಉಚಿಹಾ ಅಡ್ಡ ನಿಲ್ಲುವ ಒಂದು ಸನ್ನಿವೇಶವಿದೆ. ಇನ್ನೇನು ಹೊಡೆದಾಟ ಶುರುವಾಗಬೇಕು ಎನ್ನುವಾಗ ಕಕಾಶಿ ವಿಚಾರಿಸುವುದು ಎದುರಾಳಿಯ ಕಣ್ಣಿನ ಆರೋಗ್ಯವನ್ನು: ನಿನ್ನ ದೃಷ್ಟಿ ಈಗ ಎಷ್ಟರ ಮಟ್ಟಿಗೆ ಇಳಿದಿದೆ ಎಂದು. 1999ರಲ್ಲಿ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾಗಿ 2014ರಲ್ಲಿ 700ನೇ ಅಧ್ಯಾಯಕ್ಕೆ ಮುಗಿದ ಈ ಕಥೆಯಲ್ಲಿ ಆ ಪ್ರಶ್ನೆ ಬಂದದ್ದು 2005ರಲ್ಲಿ. ಅಭಿಮಾನಿಗಳು ಅಂದಿನಿಂದ ಬಿಡದೆ ಆಡುತ್ತಿರುವ ರೋಗನಿದಾನದ ಆಟಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

ಕಥೆ ಕೊಡುವ ಕಾರಣ ಸರಳವಾಗಿದೆ. ಉಚಿಹಾ ಕುಲದವರ ಕಣ್ಣಿನಲ್ಲಿ ಶಾರಿಂಗನ್ ಎಂಬ ಶಕ್ತಿ ಮೂಡುತ್ತದೆ. ಆಗ ಕಣ್ಣಾಲಿ ಕೆಂಪಾಗಿ ಅದರಲ್ಲಿ ಅಲ್ಪವಿರಾಮದಂಥ ಕಪ್ಪು ಗುರುತುಗಳು ಕಾಣಿಸಿಕೊಳ್ಳುತ್ತವೆ. ಅತಿ ಹತ್ತಿರದವರನ್ನು ಕಳೆದುಕೊಂಡ ಕೆಲವರಲ್ಲಿ ಅದು ಮಂಗೆಕ್ಯೋ ಶಾರಿಂಗನ್ ಆಗಿ ಬಲಿಯುತ್ತದೆ, ಮತ್ತು ಬಳಸಿದಷ್ಟೂ ದೃಷ್ಟಿ ಮಂಜಾಗುತ್ತ ಹೋಗಿ ಕೊನೆಗೆ ಪೂರ್ತಿ ಕತ್ತಲಾಗುತ್ತದೆ. ಇಟಾಚಿ ಸಾಯುವಾಗ ಅವನಿಗೆ 21 ವರ್ಷ. ಮಂತ್ರಶಕ್ತಿಗೆ ತೆತ್ತ ಬೆಲೆ ಎಂದು ಒಪ್ಪಿ ಸುಮ್ಮನಾಗಬಹುದಿತ್ತು. ಆದರೆ ಹರೆಯದ ಗಂಡಸು, ನೋವಿಲ್ಲದೆ ಎರಡೂ ಕಣ್ಣು ಮಂದವಾಗುತ್ತಿವೆ, ತಮ್ಮನಾದ ಸಾಸುಕೆಗೂ ಅದೇ ತೊಂದರೆ ಶುರುವಾಗುತ್ತದೆ, ಕುಲದ ಹಿರಿಯನಾದ ಮದಾರಾನೂ ಹೀಗೆಯೇ ಕುರುಡಾಗಿದ್ದ ಎಂಬ ವಿವರಗಳನ್ನು ಒಂದೇ ಚೀಟಿಯಲ್ಲಿ ಬರೆದು ಕಣ್ಣಿನ ವೈದ್ಯರ ಮೇಜಿನ ಮೇಲಿಟ್ಟರೆ, ಅವರು ಶಾರಿಂಗನ್ ಎಂಬ ಪದ ಕೇಳಿರದಿದ್ದರೂ ಒಂದೆರಡು ಹೆಸರು ಹೇಳಿಯಾರು.

ಆ ಹೆಸರುಗಳಲ್ಲಿ ಮೊದಲನೆಯದು ಲೇಬರ್ ಕಾಯಿಲೆ. ಜರ್ಮನಿಯ ನೇತ್ರತಜ್ಞ ಥಿಯೋಡೋರ್ ಲೇಬರ್ 1871ರಲ್ಲಿ ವಿವರಿಸಿದ ಈ ಆನುವಂಶಿಕ ರೋಗವು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರವನ್ನು ಹಿಡಿಯುತ್ತದೆ. ಹೆಚ್ಚಾಗಿ ಯುವಕರಿಗೆ ಬರುತ್ತದೆ. ಒಂದು ಕಣ್ಣಿನ ನಡುಭಾಗದ ನೋಟ ಮಸುಕಾಗಿ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇನ್ನೊಂದು ಕಣ್ಣೂ ಅದೇ ದಾರಿ ಹಿಡಿಯುತ್ತದೆ. ಇದಕ್ಕೆ ಕಾರಣ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿನ ದೋಷ ಎಂಬುದು 1988ರಲ್ಲಿ ಗೊತ್ತಾಯಿತು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ರೋಗವೂ ತಾಯಿಯ ಕಡೆಯಿಂದಲೇ ಇಳಿಯುತ್ತದೆ. ಇಟಾಚಿ ಮತ್ತು ಸಾಸುಕೆಯ ತಾಯಿ ಮಿಕೊತೊ ಕೂಡ ಉಚಿಹಾ ಕುಲದವಳೇ ಆಗಿರುವುದು ಈ ವಾದಕ್ಕೆ ದೊಡ್ಡ ಆಸರೆ. ಇನ್ನೂ ಸೊಗಸಾದ ಹೊಂದಾಣಿಕೆಯೊಂದಿದೆ: ದೋಷವನ್ನು ಹೊತ್ತ ಎಲ್ಲರೂ ದೃಷ್ಟಿ ಕಳೆದುಕೊಳ್ಳುವುದಿಲ್ಲ, ಧೂಮಪಾನ ಮತ್ತು ಅತಿಯಾದ ಮದ್ಯಪಾನದಂಥ ಪ್ರಚೋದಕಗಳು ಅಪಾಯವನ್ನು ಹೆಚ್ಚಿಸುತ್ತವೆ. ಕುಲದಲ್ಲೆಲ್ಲ ಬೀಜವಿದ್ದು ಕೆಲವರಲ್ಲಿ ಮಾತ್ರ ಮೊಳೆಯುವುದು ಮಂಗೆಕ್ಯೋದ ನಡವಳಿಕೆಯೂ ಹೌದು. ಮುಂದಿನ ಅಧ್ಯಾಯಗಳಲ್ಲಿ ತೊಬಿರಾಮಾ ಎಂಬ ಪಾತ್ರ, ಪ್ರೀತಿಪಾತ್ರರನ್ನು ಕಳೆದುಕೊಂಡ ಉಚಿಹಾಗಳ ಮಿದುಳಿನಲ್ಲಿ ಉಕ್ಕುವ ವಿಶೇಷ ‘ಚಕ್ರ’ (ಈ ಕಥೆಯಲ್ಲಿ ದೇಹದೊಳಗಿನ ಶಕ್ತಿಯ ಹೆಸರು) ದೃಷ್ಟಿನರವನ್ನೇ ತಟ್ಟುತ್ತದೆ ಎಂದು ವಿವರಿಸಿದಾಗ ಈ ಪಕ್ಷದವರಿಗೆ ಎಷ್ಟು ಖುಷಿಯಾಗಿರಬೇಕು ಎಂದು ಊಹಿಸಬಹುದು.

ಜಪಾನಿನ ನೆಲದಲ್ಲೇ ಹುಡುಕುವವರಿಗೆ ಇನ್ನೊಂದು ರೋಗ ಸಿಗುತ್ತದೆ. 1907ರಲ್ಲಿ ಚೂತಾ ಒಗುಚಿ ಎಂಬ ವೈದ್ಯರು ವರದಿ ಮಾಡಿದ ಈ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಕಣ್ಣಿನ ಒಳಪಟಲವು ಚಿನ್ನದ ತಗಡಿನಂತೆ ಹೊಳೆಯುತ್ತದೆ. ಕೆಲವು ಗಂಟೆ ಕತ್ತಲಲ್ಲಿ ಕೂರಿಸಿ ಮತ್ತೆ ನೋಡಿದರೆ ಆ ಹೊಳಪು ಮಾಯವಾಗಿ ಪಟಲ ಸಹಜ ಬಣ್ಣಕ್ಕೆ ಮರಳಿರುತ್ತದೆ. ವಂಶದಲ್ಲಿ ಹರಿದುಬರುವ, ಬಣ್ಣ ಬದಲಿಸುವ ಕಣ್ಣು! ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ರೋಗವಾದ್ದರಿಂದ ರಕ್ತಸಂಬಂಧದಲ್ಲೇ ಮದುವೆಯಾಗುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು; ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯಿರುವ ನಮ್ಮ ಕಡೆಯ ಓದುಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಗುಚಿ ರೋಗಿಗಳಿಗೆ ಹಗಲಿನ ನೋಟ ಚೆನ್ನಾಗಿಯೇ ಇರುತ್ತದೆ, ವರ್ಷ ಕಳೆದಂತೆ ಹದಗೆಡುವುದೂ ಇಲ್ಲ. ಅವರಿಗಿರುವುದು ಹುಟ್ಟಿನಿಂದ ಬಂದ ಇರುಳುಗುರುಡು. ರಾತ್ರಿ ಕಣ್ಣು ಕಾಣದ ನಿಂಜಾ ಎಂಬುದು ಬೇರೊಂದು ಹಾಸ್ಯಕಥೆಗೆ ವಸ್ತುವಾದೀತು, ಇಟಾಚಿಗೆ ಒಗ್ಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮೂರನೆಯ ವಾದ, ಏಕೆಂದರೆ ಅದು ಕಣ್ಣನ್ನು ಬಿಟ್ಟು ಎದೆಯಿಂದ ಆರಂಭವಾಗುತ್ತದೆ. ತಮ್ಮನೊಡನೆ ನಡೆಯುವ ಕೊನೆಯ ಕಾಳಗದಲ್ಲಿ ಇಟಾಚಿ ಕೆಮ್ಮಿ ರಕ್ತ ಕಾರುತ್ತಾನೆ. ಅವನು ಸತ್ತ ಮೇಲೆ, 2008ರಲ್ಲಿ ಬಂದ ಅಧ್ಯಾಯಗಳಲ್ಲಿ, ಅವನನ್ನು ಮಾರಕ ಕಾಯಿಲೆಯೊಂದು ಕಾಡುತ್ತಿತ್ತೆಂದೂ ತಮ್ಮನ ಕೈಯಿಂದಲೇ ಸಾಯುವ ದಿನದವರೆಗೆ ಔಷಧಿಗಳ ಬಲದಿಂದ ಜೀವ ಹಿಡಿದುಕೊಂಡಿದ್ದನೆಂದೂ ತಿಳಿಯುತ್ತದೆ. ರೋಗದ ಹೆಸರನ್ನು ಕಥೆ ಹೇಳುವುದಿಲ್ಲ. ಬಡಕಲು ಯುವಕ, ಕೆಮ್ಮು, ಕಫದಲ್ಲಿ ರಕ್ತ ಎಂದ ಕೂಡಲೇ ಭಾರತದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಮೊದಲು ಬರೆಯುವುದು ಕಫ ಪರೀಕ್ಷೆಯನ್ನು. ಕ್ಷಯವೆಂದು ಖಚಿತವಾದರೆ ಕೊಡುವ ನಾಲ್ಕು ಔಷಧಿಗಳಲ್ಲಿ ಒಂದು, 1961ರಲ್ಲಿ ಪತ್ತೆಯಾದ ಇಥಾಂಬ್ಯುಟಾಲ್. ಈ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ವೈದ್ಯರು ಮುಖ್ಯವಾಗಿ ಕಣ್ಣಿಡುವುದು ದೃಷ್ಟಿನರದ ಹಾನಿಯ ಮೇಲೆ. ಅದು ಎಲ್ಲರಿಗೂ ಆಗುವುದಿಲ್ಲ, ಪ್ರಮಾಣ ಹೆಚ್ಚಾದಷ್ಟು ಅಪಾಯ ಹೆಚ್ಚು. ಆದಾಗ ಎರಡೂ ಕಣ್ಣುಗಳಲ್ಲಿ ನೋವಿಲ್ಲದೆ ನೋಟ ಮಸುಕಾಗುತ್ತದೆ, ಕೆಂಪು ಹಸಿರುಗಳ ವ್ಯತ್ಯಾಸ ಅಳಿಸುತ್ತ ಹೋಗುತ್ತದೆ. ಬೇಗ ಗುರುತಿಸಿ ವೈದ್ಯರು ಮಾತ್ರೆ ನಿಲ್ಲಿಸಿದರೆ ಅನೇಕರಿಗೆ ದೃಷ್ಟಿ ಸುಧಾರಿಸುತ್ತದೆ. ಜಗತ್ತನ್ನು ನಡುಗಿಸಿದ ಕೆಂಪು ಕಣ್ಣಿನವನಿಗೆ ಕನ್ನಡಿಯಲ್ಲಿ ಆ ಕೆಂಪೇ ಮಾಸಲಾಗಿ ಕಂಡಿರಬಹುದು ಎಂಬ ಕಲ್ಪನೆಗಾಗಿಯಾದರೂ ಈ ವಾದವನ್ನು ಉಳಿಸಿಕೊಳ್ಳಬೇಕೆನಿಸುತ್ತದೆ.

ಈ ಹಾನಿಯನ್ನು ಪತ್ತೆ ಹಚ್ಚಲು ಬಳಸುವ ಸಲಕರಣೆಗಳಲ್ಲಿ ಒಂದು, ಚಾಲನಾ ಪರವಾನಗಿಗೋ ರೈಲ್ವೆ ಕೆಲಸಕ್ಕೋ ವೈದ್ಯಕೀಯ ತಪಾಸಣೆಗೆ ಹೋದ ಅನೇಕರು ಕಂಡಿರುವ ಇಶಿಹಾರಾ ಪಟ: ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿಯನ್ನು ಓದಿ ಹೇಳಬೇಕು. ಅದನ್ನು ರೂಪಿಸಿ 1917ರಲ್ಲಿ ಪ್ರಕಟಿಸಿದವರು ಜಪಾನಿನ ಸೇನಾವೈದ್ಯರಾಗಿದ್ದ ಶಿನೊಬು ಇಶಿಹಾರಾ. ಅವರ ಹೆಸರಿನ ‘ಶಿನೊಬು’ ಎಂಬುದನ್ನು ಬರೆಯುವ ಲಿಪಿಚಿಹ್ನೆಯೂ ‘ನಿಂಜಾ’ ಪದದ ಮೊದಲ ಚಿಹ್ನೆಯೂ ಒಂದೇ; ಮಹಾಯುದ್ಧದ ಅಧ್ಯಾಯಗಳಲ್ಲಿ ನರುಟೊ ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯ ಮೇಲೆ ಕೆತ್ತಿರುವುದೂ ಅದನ್ನೇ. ಇದು ಕೇವಲ ಕಾಕತಾಳೀಯ, ಆದರೆ ಅಭಿಮಾನಿಗಳ ಸಿದ್ಧಾಂತಗಳು ಇಂಥ ಕಾಕತಾಳೀಯಗಳನ್ನು ತಿಂದೇ ಬೆಳೆಯುತ್ತವೆ.

ಎಲ್ಲ ವಾದಗಳೂ ಎಡವುವುದು ಕಥೆಯ ಮುಂದಿನ ತಿರುವಿನಲ್ಲಿ. ಇಟಾಚಿಯ ಸಾವಿನ ನಂತರ ಸಾಸುಕೆಯ ದೃಷ್ಟಿಯೂ ಕುಂದಿದಾಗ, ತೆಗೆದಿಟ್ಟಿದ್ದ ಅಣ್ಣನ ಎರಡು ಕಣ್ಣುಗಳನ್ನು ಅವನು ಹಾಕಿಸಿಕೊಳ್ಳುತ್ತಾನೆ. ಪಟ್ಟಿ ಬಿಚ್ಚಿದಾಗ ನೋಟ ಮೊದಲಿಗಿಂತ ಸ್ವಚ್ಛವಾಗಿರುತ್ತದೆ, ಮತ್ತೆ ಎಂದೂ ಮಾಸುವುದಿಲ್ಲ. ಲೇಬರ್ ವಾದಕ್ಕೆ ಇದು ಮರಣದಂಡನೆ, ಏಕೆಂದರೆ ಒಂದೇ ತಾಯಿಯ ಮಕ್ಕಳಾದ ಅಣ್ಣತಮ್ಮಂದಿರ ಮೈಟೊಕಾಂಡ್ರಿಯವೂ ಒಂದೇ. ಅಣ್ಣನ ಕಣ್ಣು ಹಾಕಿಸಿಕೊಂಡರೆ ಅದೇ ದೋಷವನ್ನು ಎರಡನೆಯ ಸಲ ಪಡೆದಂತೆ. ಔಷಧಿಯ ವಾದವಂತೂ ತಮ್ಮನ ವಿಷಯದಲ್ಲಿ ಬಾಯಿ ಬಿಡುವಂತಿಲ್ಲ, ಅವನು ಕೆಮ್ಮಿದವನೇ ಅಲ್ಲ. ಇಡೀ ಕಣ್ಣುಗುಡ್ಡೆಯ ಕಸಿ ನಿಜ ಜಗತ್ತಿನಲ್ಲಿ ಮೊದಲ ಬಾರಿಗೆ ನಡೆದದ್ದು 2023ರಲ್ಲಿ, ನ್ಯೂಯಾರ್ಕಿನಲ್ಲಿ, ಮುಖದ ಕಸಿಯೊಂದಿಗೆ. ಆ ಕಣ್ಣಿಗೆ ರಕ್ತಸಂಚಾರ ಬಂದಿತು, ನೋಟ ಬರಲಿಲ್ಲ. ಕತ್ತರಿಸಿದ ದೃಷ್ಟಿನರದ ಲಕ್ಷಾಂತರ ಎಳೆಗಳನ್ನು ಮತ್ತೆ ಮಿದುಳಿಗೆ ಹೊಂದಿಸುವ ದಾರಿ ಇನ್ನೂ ಸಿಕ್ಕಿಲ್ಲ.

ನಾವು ನೇತ್ರದಾನ ಎನ್ನುವುದರಲ್ಲಿ ಕಸಿಯಾಗುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಮಾತ್ರ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳ ದಾನವಾದದ್ದು ಕರ್ನಾಟಕದ ಮನೆಮನೆಗೂ ಗೊತ್ತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಮುಂಪದರ ಮತ್ತು ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಇಟಾಚಿಯ ಕಾರ್ನಿಯಾದಲ್ಲಿ ತೊಂದರೆಯಿತ್ತೆಂದು ಕಥೆಯಲ್ಲಿ ಎಲ್ಲಿಯೂ ಸೂಚನೆಯಿಲ್ಲ. ಸತ್ತ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬಂದು, ಪರೀಕ್ಷಿಸಿ, ಒಪ್ಪಿ ತೆಗೆದುಕೊಂಡಿದ್ದರೆ, ಅವನ ಹೆಸರನ್ನೇ ಕೇಳಿರದ ನಾಲ್ವರಿಗೆ ಅವು ಬೆಳಕಾಗುತ್ತಿದ್ದವು. ಸಾಸುಕೆಯ ಹೆಸರು ಮಾತ್ರ ಕಾಯುವವರ ಪಟ್ಟಿಗೆ ಸೇರುತ್ತಿರಲಿಲ್ಲ. ಅವನ ಕಾರ್ನಿಯಾ ಚೆನ್ನಾಗಿಯೇ ಇತ್ತು.