ಜನವರಿ 1ಕ್ಕೆ ಹುಟ್ಟಿದವರು

ಕನ್ನಡದ ಅಡುಗೆ ವಿಡಿಯೋ ಆಪ್ ನಡೆಸುವ ಬೆಂಗಳೂರಿನ ಕಂಪನಿಯೊಂದು ತನ್ನ ಡೇಟಾ ನೋಡಿಕೊಡಿ ಎಂದು ನನ್ನನ್ನು ಕರೆದಿತ್ತು. 'ನೋಡುಗರಲ್ಲಿ ಗಂಡಸರೇ ಜಾಸ್ತಿ, ವಯಸ್ಸು ಮೂವತ್ತೈದರ ಆಸುಪಾಸು, ಮುಕ್ಕಾಲು ಪಾಲು ಬೆಂಗಳೂರಿನವರು' ಎಂದಿತ್ತು ಅವರ ಸ್ಲೈಡು. ಶೇವಿಂಗ್ ಕ್ರೀಮಿನ ಜಾಹೀರಾತು ಹಾಕಲು ಮಾತುಕತೆಯೂ ನಡೆದಿತ್ತು.

ಹುಟ್ಟಿದ ತಾರೀಕುಗಳನ್ನು ಸುಮ್ನೆ ಎಣಿಸಿದೆ. ಗ್ರಾಫಿನಲ್ಲಿ ಎರಡು ಕಂಬ ಎದ್ದು ನಿಂತವು. ಜೂನ್ 1 ಮತ್ತು ಜನವರಿ 1.

ಜೂನ್ 1 ನಮ್ಮ ಹಳೇ ಕಥೆ. ತಾರೀಕು ಗೊತ್ತಿಲ್ಲದ ಮಕ್ಕಳಿಗೆ ಶಾಲೆ ಶುರುವಾಗುವ ಹೊತ್ತಿನ ದಿನವನ್ನೇ ಹೆಡ್‌ಮಾಸ್ಟರು ಬರೆದುಬಿಡುತ್ತಿದ್ದರು. ಮಾರ್ಕ್ಸ್ ಕಾರ್ಡಿನ ಪ್ರಕಾರ ನಮ್ಮಪ್ಪ ಹುಟ್ಟಿದ್ದೂ ಅವತ್ತೇ. ವರ್ಷವಾದರೂ ಹೆಚ್ಚುಕಡಿಮೆ ಸರಿ ಇರುತ್ತದೆ. ಜನವರಿ 1 ಹಾಗಲ್ಲ. ಆಪ್‌ನ ಫಾರ್ಮ್ ತೆರೆದರೆ 'ಜನವರಿ 1, 1990' ಅಂತ ಮೊದಲೇ ತುಂಬಿರುತ್ತಿತ್ತು. ಪಕ್ಕದಲ್ಲೇ 'ಪುರುಷ' ಎಂಬುದಕ್ಕೂ ಟಿಕ್ ಬಿದ್ದಿರುತ್ತಿತ್ತು. ಹೋಳಿಗೆ ನೋಡಲು ಬಂದವರು ಅದನ್ನೆಲ್ಲ ಯಾಕೆ ತಿದ್ದುತ್ತಾರೆ? ಆ ಸಾಲುಗಳನ್ನು ಪಕ್ಕಕ್ಕಿಟ್ಟಾಗ ಮೂವತ್ತೈದರ ಗಂಡಸು ಮಾಯವಾದ.

ಇನ್ನು, ಒಂದು ಖಾತೆ ಎಂದರೆ ಒಬ್ಬ ಮನುಷ್ಯ ಅಲ್ಲ. ಒಂದೇ ಖಾತೆಯಲ್ಲಿ ಬೆಳಿಗ್ಗೆ ಬಾಣಂತಿ ಅಡುಗೆ, ಸಂಜೆ ನೂಡಲ್ಸ್, ರಾತ್ರಿ ಕೈಮ ಉಂಡೆ. ಫೋನು ಮನೆಗೆಲ್ಲ ಒಂದೇ, ಸಿಮ್ ಗಂಡನ ಹೆಸರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ. ಊರಿನ ಲೆಕ್ಕವೂ ಅಷ್ಟೇ. ಇಂಟರ್ನೆಟ್ಟಿಗೆ ಸೇರಿದ ಫೋನಿಗೆ ಸಿಗುವ ಐಪಿ ವಿಳಾಸವೆಂಬ ಸಂಖ್ಯೆ ತೋರಿಸುವುದು ಎಷ್ಟೋ ಸಲ ಮೊಬೈಲ್ ಕಂಪನಿಯ ಗೇಟ್‌ವೇ, ಅಂದರೆ ಅದರ ಜಾಲ ಇಂಟರ್ನೆಟ್ಟಿಗೆ ಕೂಡುವ ಬಾಗಿಲು, ಇರುವ ಜಾಗವನ್ನು. ಹಾಸನದಲ್ಲಿ ಕೂತವರೂ ಬೆಂಗಳೂರಿನವರಾಗಿಬಿಡುತ್ತಾರೆ.

'ಲಕ್ಷಗಟ್ಟಲೆ ಜನರ ಡೇಟಾ ಅಲ್ವಾ ಸರ್, ಸಣ್ಣ ತಪ್ಪು ಮುಚ್ಚಿಹೋಗುತ್ತೆ' ಎಂದರು ಮ್ಯಾನೇಜರು. ಮುಚ್ಚಿಹೋಗುವುದಿಲ್ಲ. ತಪ್ಪೆಲ್ಲ ಒಂದೇ ಕಡೆಗೆ ವಾಲಿದ್ದರೆ ಎಷ್ಟು ಜನ ಸೇರಿದರೂ ಅದು ನೆಟ್ಟಗಾಗದು. 1936ರ ಅಧ್ಯಕ್ಷರ ಚುನಾವಣೆಗೆ ಮುನ್ನ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ನಿಮ್ಮ ಮತ ಯಾರಿಗೆ ಎಂದು ಅಂಚೆಯಲ್ಲಿ ಕೇಳಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಕೂಡಿಹಾಕಿ, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ವಿಳಾಸ ಆರಿಸಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಗಳಿಂದ. ಉತ್ತರಿಸಿದವರೂ ಕಾಲು ಪಾಲಿನಷ್ಟೇ. ಆಗಿನ 48 ರಾಜ್ಯಗಳಲ್ಲಿ 46 ಎದುರಾಳಿ ರೂಸ್‌ವೆಲ್ಟ್ ಪಾಲಾದವು.

ಮೊದಲೇ ತುಂಬಿದ್ದನ್ನೆಲ್ಲ ತೆಗೆಸಿ, 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆ ಸೇರಿಸಿದೆ. ತಿಂಗಳಾದ ಮೇಲೆ ಮ್ಯಾನೇಜರು ಫೋನ್ ಮಾಡಿದರು. 'ಏನ್ ಸರ್, ಮೊದಲು ಡೇಟಾ ಪೂರ್ತಿ ಇತ್ತು. ಈಗ ನೋಡಿದರೆ ಅರ್ಧ ಖಾಲಿ!'