ನಡುಹಂತಗಳನ್ನು ಲೆಕ್ಕಹಾಕುವುದು: ವರ್ಚುವಲ್ ಸಂಗ್ರಹಣೆ ಮತ್ತು ಫೈಲ್ ಹಂಚಿಕೆಯ ಅಪ್‌ಗ್ರೇಡ್ ಟಿಪ್ಪಣಿ

ಅಪ್‌ಗ್ರೇಡ್ ಯೋಜನೆ ಎಂದರೆ ಈಗಿರುವ ಆವೃತ್ತಿ ಮತ್ತು ತಲುಪಬೇಕಾದ ಆವೃತ್ತಿಗಳ ಪಟ್ಟಿ ಎಂದು ಮೊದಲ ಓದಿಗೆ ತೋರುತ್ತದೆ. ಆದರೆ ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು) ನಿಲ್ಲಿಸದೆ, ಅವು ನಡೆಯುವ ಭೌತಿಕ ಸರ್ವರ್‌ಗಳಾದ ಹೋಸ್ಟ್‌ಗಳನ್ನು ಒಂದೊಂದಾಗಿ ಬದಲಿಸುವಾಗ ಹಳೆಯದೂ ಹೊಸದೂ ಜೊತೆಯಾಗಿ ದುಡಿಯುವ ದಿನಗಳಿರುತ್ತವೆ, ಮತ್ತು ಅಂತಹ ಪ್ರತಿಯೊಂದು ನಡುಹಂತವೂ ತಯಾರಕರು ಬೆಂಬಲಿಸುವ ಜೋಡಣೆಯೇ ಆಗಿರಬೇಕು. ನನಗೆ ಅತ್ಯಂತ ಕಠಿಣವೆನಿಸಿದ್ದು ಇದೇ; ಆದ್ದರಿಂದ ಇದನ್ನೇ ವಿಸ್ತಾರವಾಗಿ ಬರೆಯುತ್ತೇನೆ.

ವಿಎಂವೇರ್‌ನ ವರ್ಚುವಲ್ ಯಂತ್ರ ವೇದಿಕೆಯಾದ ವಿಸ್ಫಿಯರ್‌ನಲ್ಲಿ ನಿರ್ವಹಣೆಯ ಪದರವಾದ ವಿಸೆಂಟರನ್ನು ಮೊದಲು ಏರಿಸಬೇಕು, ವರ್ಚುವಲ್ ಯಂತ್ರಗಳನ್ನು ನಡೆಸುವ ಇಎಸ್‌ಎಕ್ಸ್‌ಐ ತಂತ್ರಾಂಶವಿರುವ ಹೋಸ್ಟ್‌ಗಳನ್ನು ಅನಂತರ. ವಿಸೆಂಟರ್ ತನಗಿಂತ ಹಳೆಯ ಹೋಸ್ಟ್‌ಗಳನ್ನು ಒಂದು ಮಿತಿಯವರೆಗೆ ನಿರ್ವಹಿಸಬಲ್ಲದು, ಆದರೆ ತನಗಿಂತ ಹೊಸ ಪೀಳಿಗೆಯ ಹೋಸ್ಟ್‌ಗಳನ್ನು ಅಲ್ಲ. ವಿಸೆಂಟರ್ 6.7 ಮತ್ತು ಹೋಸ್ಟ್‌ಗಳು 6.5 ಇರುವ ಕ್ಲಸ್ಟರನ್ನು (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪನ್ನು) 8.0ಕ್ಕೆ ಒಯ್ಯಬೇಕೆಂದುಕೊಳ್ಳಿ. ವಿಸೆಂಟರನ್ನು 6.7ರಿಂದ ನೇರವಾಗಿ 8.0ಕ್ಕೆ ಏರಿಸಬಹುದು, ಆ ಮೆಟ್ಟಿಲೊಂದನ್ನೇ ನೋಡಿದರೆ ಎಲ್ಲವೂ ಸರಿಯಾಗಿದೆ. ಆದರೆ ವಿಸೆಂಟರ್ 8.0 ನಿರ್ವಹಿಸುವುದು 6.7 ಮತ್ತು ಅದಕ್ಕಿಂತ ಹೊಸ ಹೋಸ್ಟ್‌ಗಳನ್ನು ಮಾತ್ರ. ಆದ್ದರಿಂದ ಮೊದಲು ಹೋಸ್ಟ್‌ಗಳನ್ನು 6.7ಕ್ಕೆ ತಂದು, ಆಮೇಲೆ ವಿಸೆಂಟರನ್ನು 8.0 ಮಾಡಿ, ಕೊನೆಗೆ ಹೋಸ್ಟ್‌ಗಳನ್ನು 8.0ಕ್ಕೆ ಏರಿಸಬೇಕು, ಇಲ್ಲವೇ ಎರಡನ್ನೂ 7.0ರ ಮೂಲಕ ದಾಟಿಸಬೇಕು. ಎರಡೂ ದಾರಿಗಳಲ್ಲಿ ಹೋಸ್ಟ್‌ಗಳು ಎರಡು ಸಲ ಮರುಚಾಲನೆಗೊಳ್ಳುತ್ತವೆ, ಹಾಗಾಗಿ ನಿರ್ವಹಣಾ ಸಮಯವನ್ನೂ ಅದಕ್ಕೆ ತಕ್ಕಂತೆ ಕೇಳಬೇಕು. ನಾನು ಈಗ ಪ್ರತಿ ಹೆಜ್ಜೆಯ ನಂತರದ ಸ್ಥಿತಿಯನ್ನು ಒಂದು ಸಾಲಾಗಿ ಬರೆದು, ಆ ಸಾಲನ್ನು ಹೊಂದಾಣಿಕೆಯ ಕೋಷ್ಟಕದೊಂದಿಗೆ ತಾಳೆ ನೋಡುತ್ತೇನೆ. ಬ್ಯಾಕಪ್ ತಂತ್ರಾಂಶಕ್ಕೂ ಅದೇ ಸಾಲಿನಲ್ಲಿ ಒಂದು ಅಂಕಣ ಇರಲೇಬೇಕು, ಏಕೆಂದರೆ ಹೊಸ ವಿಸೆಂಟರನ್ನು ಗುರುತಿಸದ ಬ್ಯಾಕಪ್ ಇಟ್ಟುಕೊಂಡು ಮುಂದಿನ ಹೆಜ್ಜೆ ಇಡುವುದು ಅಪಾಯಕಾರಿ.

ಆವೃತ್ತಿ ಸಂಖ್ಯೆಯಷ್ಟೇ ಬಿಡುಗಡೆಯ ದಿನಾಂಕವೂ ಮುಖ್ಯ. ಹಳೆಯ ಸರಣಿಯ ತೀರಾ ಇತ್ತೀಚಿನ ಪ್ಯಾಚ್‌ನಿಂದ, ಅದಕ್ಕಿಂತ ಮೊದಲೇ ಬಿಡುಗಡೆಯಾದ ಹೊಸ ಸರಣಿಯ ಆವೃತ್ತಿಗೆ ಹೋಗಲು ಅನುಮತಿ ಇಲ್ಲದಿರಬಹುದು; ಸಂಖ್ಯೆ ಮುಂದೆ ಹೋದರೂ ಭದ್ರತಾ ತಿದ್ದುಪಡಿಗಳು ಹಿಂದಕ್ಕೆ ಸರಿಯುತ್ತವೆ ಎಂಬುದೇ ಕಾರಣ.

ಹೊಸ ತಂತ್ರಾಂಶವನ್ನು ಸ್ಥಾಪಿಸುವುದು ಬೇರೆ, ದತ್ತಾಂಶದ ಸ್ವರೂಪವನ್ನು ಏರಿಸುವುದು ಬೇರೆ. ವಿಸ್ಯಾನ್‌ನ (ಹೋಸ್ಟ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಕೂಡಿಸುವ ವಿಸ್ಫಿಯರ್‌ನ ಪದರ) ಡಿಸ್ಕ್ ಫಾರ್ಮ್ಯಾಟ್, ಜ಼ಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಪೂಲ್‌ನ (ಡಿಸ್ಕ್‌ಗಳ ಸಮೂಹದ) ಫೀಚರ್ ಫ್ಲ್ಯಾಗ್‌ಗಳು, ಅಂದರೆ ಸ್ವರೂಪದ ಹೊಸ ಸೌಲಭ್ಯಗಳ ಗುರುತುಗಳು, ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್‌ನ ಫಂಕ್ಷನಲ್ ಲೆವೆಲ್ (ಇಡೀ ಕ್ಲಸ್ಟರ್ ಬಳಸುವ ಸೌಲಭ್ಯಗಳ ಮಟ್ಟ) ಇವೆಲ್ಲ ಎರಡನೆಯ ಬಗೆಯವು. ಏರಿಸಿದ ಮೇಲೆ ಇಳಿಸಲು ಆಜ್ಞೆಯಿಲ್ಲ. ವಿಂಡೋಸ್ ಸರ್ವರ್ 2016ರಿಂದ ಬಂದ ರೋಲಿಂಗ್ ಅಪ್‌ಗ್ರೇಡ್‌ನಲ್ಲಿ (ಒಂದೊಂದೇ ಸರ್ವರನ್ನು ಏರಿಸುವ ವಿಧಾನದಲ್ಲಿ) ಹಳೆಯ ಮತ್ತು ಹೊಸ ನೋಡ್‌ಗಳು, ಅಂದರೆ ಕ್ಲಸ್ಟರ್‌ನ ಸರ್ವರ್‌ಗಳು, ಒಂದೇ ಕ್ಲಸ್ಟರ್‌ನಲ್ಲಿ ಇರಬಹುದು, ಫಂಕ್ಷನಲ್ ಲೆವೆಲ್ ಏರಿಸುವ ಕ್ಷಣದವರೆಗೆ ಹಿಂದಿರುಗಲೂಬಹುದು. ಆದ್ದರಿಂದ ಈ ಹೆಜ್ಜೆಗಳಿಗೆ ಪ್ರತ್ಯೇಕ ದಿನಾಂಕ ಕೊಟ್ಟು, ಎಲ್ಲ ನೋಡ್‌ಗಳೂ ಹೊಸದರಲ್ಲಿ ಸ್ಥಿರವಾದ ಬಳಿಕವೇ ಇಡಬೇಕೆಂಬುದು ನನ್ನ ಅಭಿಪ್ರಾಯ. ವರ್ಚುವಲ್ ಯಂತ್ರಗಳ ಫೈಲ್‌ಗಳನ್ನು ಇಡಲು ಇಎಸ್‌ಎಕ್ಸ್‌ಐ ಬಳಸುವ ಫೈಲ್ ವ್ಯವಸ್ಥೆಯಾದ ವಿಎಂಎಫ್‌ಎಸ್ ಕಥೆ ಇನ್ನೂ ಬೇರೆ: ಆವೃತ್ತಿ 5ರಿಂದ 6ಕ್ಕೆ ಇದ್ದಲ್ಲೇ ಏರಿಸುವ ದಾರಿಯೇ ಇಲ್ಲ. ಹೊಸ ಡೇಟಾಸ್ಟೋರ್ (ಯಂತ್ರಗಳ ಫೈಲ್‌ಗಳನ್ನು ಇಡುವ ಸಂಗ್ರಹ) ರಚಿಸಿ ಯಂತ್ರಗಳನ್ನು, ಅವು ಚಾಲನೆಯಲ್ಲಿರುವಾಗಲೇ ಫೈಲ್‌ಗಳನ್ನು ಸಾಗಿಸುವ ಸ್ಟೋರೇಜ್ ವಿಮೋಷನ್ ಮೂಲಕ ಸ್ಥಳಾಂತರಿಸಬೇಕಾದ್ದರಿಂದ, ಅಷ್ಟು ಖಾಲಿ ಜಾಗವನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಫೈಲ್ ಹಂಚಿಕೆಯಲ್ಲಿ ಸರ್ವರ್‌ಗಿಂತ ಗ್ರಾಹಕ ಯಂತ್ರಗಳ ಪಟ್ಟಿ ಮುಖ್ಯವಾಗುತ್ತದೆ. ಲಿನಕ್ಸ್‌ನಂತಹ ವ್ಯವಸ್ಥೆಗಳಿಂದ ವಿಂಡೋಸ್ ಶೈಲಿಯ ಹಂಚಿಕೆ ಒದಗಿಸುವ ತಂತ್ರಾಂಶ ಸಾಂಬಾ 4.11, 2019ರಲ್ಲಿ, ವಿಂಡೋಸ್ ಫೈಲ್ ಹಂಚಿಕೆಯ ನಿಯಮಾವಳಿಯಾದ ಎಸ್‌ಎಂಬಿಯ ಹಳೆಯ ಆವೃತ್ತಿ 1 ಅನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು. ವಿಂಡೋಸ್ 11ರ 24ಎಚ್2, ಪ್ರೊ ಮತ್ತು ಎಂಟರ್‌ಪ್ರೈಸ್‌ನಂತಹ ಆವೃತ್ತಿಗಳಲ್ಲಿ, ಸಹಿ ಮಾಡಿದ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುವ) ಸಂಪರ್ಕವನ್ನು ಪೂರ್ವನಿಯೋಜಿತವಾಗಿ ಕಡ್ಡಾಯ ಮಾಡುತ್ತದೆ. ಹಳೆಯ ಸ್ಕ್ಯಾನರ್‌ಗಳು ಮತ್ತು ಅತಿಥಿ ಪ್ರವೇಶವನ್ನು (ಗುಪ್ತಪದವಿಲ್ಲದ ಪ್ರವೇಶವನ್ನು) ನೆಚ್ಚಿಕೊಂಡ ಹಂಚಿಕೆಗಳು ತೊಂದರೆಗೊಳಗಾಗುವುದು ಇಲ್ಲಿಯೇ, ಹಾಗಾಗಿ ಯಾರು ಯಾವ ಆವೃತ್ತಿಯಲ್ಲಿ ಸಂಪರ್ಕಿಸುತ್ತಿದ್ದಾರೆ ಎಂಬುದನ್ನು ಸರ್ವರ್‌ನ ಲಾಗ್‌ನಿಂದ ಮುಂಚಿತವಾಗಿ ಸಂಗ್ರಹಿಸಬೇಕು. ಜಾಲದ ಮೂಲಕ ಫೈಲ್ ಹಂಚುವ ಇನ್ನೊಂದು ನಿಯಮಾವಳಿಯಾದ ಎನ್‌ಎಫ್‌ಎಸ್‌ನ ಡೇಟಾಸ್ಟೋರ್‌ಗಳಲ್ಲಿ ಆವೃತ್ತಿ 3 ಮತ್ತು 4.1ರ ಬೀಗ ಹಾಕುವ ವಿಧಾನಗಳು, ಅಂದರೆ ಒಂದು ಫೈಲನ್ನು ಏಕಕಾಲಕ್ಕೆ ಒಬ್ಬರೇ ಬರೆಯುವಂತೆ ತಡೆಯುವ ಕ್ರಮಗಳು, ಪರಸ್ಪರ ಹೊಂದುವುದಿಲ್ಲ: 3ರಲ್ಲಿ ಇಎಸ್‌ಎಕ್ಸ್‌ಐ ತನ್ನದೇ ಬೀಗದ ಫೈಲ್‌ಗಳನ್ನು ಬರೆಯುತ್ತದೆ, 4.1ರಲ್ಲಿ ಬೀಗದ ಹೊಣೆ ಸರ್ವರ್‌ನದು. ಒಂದೇ ಹಂಚಿಕೆಯನ್ನು ಒಂದು ಹೋಸ್ಟ್ 3ರಲ್ಲಿಯೂ ಮತ್ತೊಂದು 4.1ರಲ್ಲಿಯೂ ಮೌಂಟ್ ಮಾಡಿದರೆ (ಬಳಕೆಗೆ ಜೋಡಿಸಿಕೊಂಡರೆ) ಎರಡೂ ಹೋಸ್ಟ್‌ಗಳು ಒಂದೇ ಡಿಸ್ಕ್ ಫೈಲಿಗೆ ಬರೆದು ದತ್ತಾಂಶ ಕೆಡಬಹುದು. ಆದ್ದರಿಂದ ಈ ಬದಲಾವಣೆಗೆ ಮಾತ್ರ ನಡುಹಂತವೇ ಇರಕೂಡದು. ಎಲ್ಲ ಹೋಸ್ಟ್‌ಗಳಿಂದ ಅನ್‌ಮೌಂಟ್ ಮಾಡಿದ ನಂತರವೇ 4.1ರಲ್ಲಿ ಮೌಂಟ್ ಮಾಡಬೇಕು.