ಆರ್‌ವಿ ಬೇಡ ಅಂದ ದಿನ ಕೆಲಸವೂ ಇಲ್ಲ: ಎಲ್ಕ್‌ಹಾರ್ಟ್ ಕೌಂಟಿಯ ಏರಿಳಿತದ ಹಿನ್ನೆಲೆ

ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರ ತುದಿಯಲ್ಲಿ, ಮಿಷಿಗನ್ ಗಡಿಗೆ ಅಂಟಿಕೊಂಡು, ಎಲ್ಕ್‌ಹಾರ್ಟ್ ಕೌಂಟಿ ಇದೆ. ಆಡಳಿತದ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಹಾಗೆ, ಜನಸಂಖ್ಯೆಯಲ್ಲಿ ನಮ್ಮ ಒಂದು ತಾಲ್ಲೂಕಿನಷ್ಟು. 2020ರ ಜನಗಣತಿಯಲ್ಲಿ 2,07,047 ಜನ. ಇಷ್ಟು ಸಣ್ಣ ಜಾಗದ ನಿರುದ್ಯೋಗ ದರಕ್ಕೆ ವಾಷಿಂಗ್ಟನ್‌ನ ಅಧ್ಯಕ್ಷರಿಂದ ಹಿಡಿದು ನ್ಯೂಯಾರ್ಕ್‌ನ ಷೇರು ದಲ್ಲಾಳಿಗಳ ತನಕ ಎಲ್ಲರೂ ಕಿವಿಗೊಡುತ್ತಾರೆ.

ಕಾರಣ ಆ ದರದ ಕುಣಿತ. 2007ರ ಕೊನೆಗೆ ಶೇ 5ರ ಆಸುಪಾಸಿನಲ್ಲಿತ್ತು. 2009ರ ಮಾರ್ಚ್ ಹೊತ್ತಿಗೆ ಶೇ 20ರ ಹತ್ತಿರ ಹೋಯಿತು. ಆಮೇಲೆ ಇಳಿಯುತ್ತಾ ಬಂದು 2018ರಲ್ಲಿ ಶೇ 2ರ ಸುತ್ತಮುತ್ತ ನಿಂತಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿಗೆ, ಸುಮಾರು ಶೇ 29. 2021 ಮುಗಿಯುವಾಗ ಮತ್ತೆ ಶೇ 2ಕ್ಕಿಂತ ಕೆಳಗೆ. ಇಡೀ ದೇಶದ ದರ ಇದರ ಅರ್ಧದಷ್ಟೂ ಕುಣಿಯಲಿಲ್ಲ. ಐದಾರು ವಾರದಲ್ಲಿ ಊರಿನ ಕಾಲು ಭಾಗಕ್ಕಿಂತ ಜಾಸ್ತಿ ದುಡಿಯುವವರು ಮನೆಗೆ ಹೋಗುವುದು, ವರ್ಷ ದಾಟುವುದರೊಳಗೆ ಜನ ಸಿಗುತ್ತಿಲ್ಲ ಅಂತ ಕಾರ್ಖಾನೆಯವರು ಗೋಳಾಡುವುದು, ಎರಡೂ ಒಂದೇ ಕಡೆ ಹೇಗಾಯಿತು?

ಒಂದೇ ಮಾತಿನ ಉತ್ತರ ಬೇಕಾದರೆ, ಆರ್‌ವಿ, ಅಂದರೆ ರಿಕ್ರಿಯೇಶನಲ್ ವೆಹಿಕಲ್. ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಇರುವ, ಗಾಡಿಯ ಹಿಂದೆ ಕಟ್ಟಿಕೊಂಡೋ ತಾವೇ ಓಡಿಸಿಕೊಂಡೋ ಹೋಗುವ ಮನೆ. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಶೇ 80ಕ್ಕಿಂತ ಹೆಚ್ಚು ಬರುವುದು ಎಲ್ಕ್‌ಹಾರ್ಟ್ ಮತ್ತು ಅದರ ಸುತ್ತಲಿನ ಪ್ರದೇಶದಿಂದ. ಆದರೆ ಈ ಊರು ಹುಟ್ಟಿದಾಗಿನಿಂದ ಹೀಗಿರಲಿಲ್ಲ.

ಮೊದಲು ಬಂದದ್ದು ವಾದ್ಯ. ಅಂತರ್ಯುದ್ಧದಲ್ಲಿ ಹೋರಾಡಿ ಬಂದ ಚಾರ್ಲ್ಸ್ ಜೆರಾರ್ಡ್ ಕಾನ್ ಎಂಬಾತ ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯ ಊದುತ್ತಿದ್ದ. ಜಗಳವೊಂದರಲ್ಲಿ ಅವನ ತುಟಿ ಸೀಳಿತು, ಊದಲು ನೋವಾಗುತ್ತಿತ್ತು, ಅದಕ್ಕೇ ರಬ್ಬರ್ ಅಂಚಿನ ಬಾಯಿತುಂಡು ಮಾಡಿದ ಅಂತ ಊರಲ್ಲಿ ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ, 1870ರ ದಶಕದ ನಡುವೆ ಅವನು ಶುರುಮಾಡಿದ ವ್ಯಾಪಾರ ಮಾತ್ರ ನಿಜ. ಬ್ಯಾಂಡ್ ವಾದ್ಯ ಮಾಡುವ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದವು. ಕಾನ್ ಮುಂದೆ ಊರಿನ ಮೇಯರ್ ಆದ, ಅಮೆರಿಕದ ಸಂಸತ್ತಿಗೂ ಹೋದ. ಅಮೆರಿಕದ ಶಾಲೆಗಳ ಬ್ಯಾಂಡ್‌ಗಳಿಗೆ ತುತ್ತೂರಿ, ಸ್ಯಾಕ್ಸೋಫೋನ್ ಹೋಗುತ್ತಿದ್ದದ್ದು ಬಹುಪಾಲು ಇಲ್ಲಿಂದ.

ಎರಡನೆಯದು ಔಷಧಿ. 1884ರಲ್ಲಿ ಫ್ರಾಂಕ್ಲಿನ್ ಮೈಲ್ಸ್ ಎಂಬ ಡಾಕ್ಟರು ಶುರುಮಾಡಿದ ಕಂಪನಿಯೇ ಮುಂದೆ ಮೈಲ್ಸ್ ಲ್ಯಾಬೊರೇಟರೀಸ್ ಆಯಿತು. ನೀರಿಗೆ ಹಾಕಿದರೆ ಬುರಬುರ ಅನ್ನುವ ಆಲ್ಕಾ-ಸೆಲ್ಟ್ಜರ್ ಮಾತ್ರೆ 1931ರಲ್ಲಿ ಬಂದದ್ದು ಇಲ್ಲಿಂದಲೇ. ಇದು ಒಳ್ಳೆ ಸಂಬಳದ, ವಿಜ್ಞಾನಿಗಳೂ ಮ್ಯಾನೇಜರುಗಳೂ ಇದ್ದ ಕಂಪನಿ. 1970ರ ದಶಕದ ಕೊನೆಗೆ ಜರ್ಮನಿಯ ಬೇಯರ್ ಅದನ್ನು ಕೊಂಡಿತು. ನಂತರದ ದಶಕಗಳಲ್ಲಿ ಕೆಲಸ ಒಂದೊಂದಾಗಿ ಬೇರೆ ಊರುಗಳಿಗೆ ಹೋಯಿತು. ನನ್ನ ಪ್ರಕಾರ ಎಲ್ಕ್‌ಹಾರ್ಟ್‌ಗೆ ಬಿದ್ದ ದೊಡ್ಡ ಪೆಟ್ಟು ಇದು. ಆದರೆ ನಿರುದ್ಯೋಗ ದರದಲ್ಲಿ ಇದರ ಗುರುತೇ ಸಿಗುವುದಿಲ್ಲ. ಕಾರಣ, ಅಷ್ಟು ಹೊತ್ತಿಗೆ ಆರ್‌ವಿ ಕಾರ್ಖಾನೆಗಳು ಕೈಗೆ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದವು. ಲ್ಯಾಬ್ ಕೆಲಸ ಹೋಗಿ ಮೊಳೆ ಹೊಡೆಯುವ ಕೆಲಸ ಬಂದರೆ ದರದ ಲೆಕ್ಕದಲ್ಲಿ ಎರಡೂ ಒಂದೇ, ಅಲ್ವಾ?

ಟ್ರೇಲರ್ ಕಟ್ಟುವ ಕಸುಬು ಇಲ್ಲಿ ಬೇರುಬಿಟ್ಟದ್ದು 1930ರ ದಶಕದಲ್ಲಿ. ದೇಶವೆಲ್ಲ ಮಹಾ ಆರ್ಥಿಕ ಕುಸಿತದಲ್ಲಿದ್ದಾಗ ವಿಲ್ಬರ್ ಶುಲ್ಟ್ ಎಂಬ ಯುವಕ ಇಲ್ಲಿ ಟ್ರೇಲರ್ ಕಂಪನಿ ಬೆಳೆಸಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಇಲ್ಲದವರಿಗೆ ಮೊಬೈಲ್ ಹೋಮ್ ಎಂಬ ಸಾಗಿಸಬಹುದಾದ ಮನೆ, ಆಮೇಲೆ ರಜೆಗೆ ಹೋಗುವವರಿಗೆ ಆರ್‌ವಿ. ಇದೇ ಕೌಂಟಿಯ ಮಿಡಲ್‌ಬರಿಯಲ್ಲಿ 1964ರಲ್ಲಿ ಕೋಚ್‌ಮೆನ್ ಕಂಪನಿ, 1968ರಲ್ಲಿ ಲಾಯ್ಡ್ ಬಾಂಟ್ರೇಗರ್ ತನ್ನ ಹೊಲದ ಕೋಳಿ ಶೆಡ್ಡಿನಲ್ಲೇ ಕಟ್ಟಿದ ಜೇಕೊ. ಕೋಳಿ ಶೆಡ್ಡಿನ ವಿಷಯ ಸುಮ್ನೆ ಹೇಳಿದ್ದಲ್ಲ. ಈ ಉದ್ಯಮಕ್ಕೆ ದೊಡ್ಡ ಯಂತ್ರ ಬೇಡ. ಒಂದು ಉದ್ದನೆಯ ಶೆಡ್ಡು, ಗರಗಸ, ಡ್ರಿಲ್, ಸ್ಟೇಪಲ್ ಗನ್, ಚುರುಕಾಗಿ ಕೈ ಆಡಿಸುವ ಒಂದಿಷ್ಟು ಜನ ಸಾಕು. ಕಿಟಕಿ, ಆಕ್ಸಲ್, ಸೋಫಾ, ಸಿಂಕು ಎಲ್ಲ ಅಕ್ಕಪಕ್ಕದಲ್ಲೇ ಮಾಡಿಕೊಡುವವರು ಇದ್ದಾರೆ. ಹಾಗಾಗಿ ಒಂದು ಕಂಪನಿಯ ಸೂಪರ್‌ವೈಸರು ಹೊರಬಂದು ಇನ್ನೊಂದು ಕಂಪನಿ ತೆಗೆಯುವುದು ಇಲ್ಲಿ ಮಾಮೂಲಿ.

ಸುಲಭವಾಗಿ ತೆಗೆಯಬಹುದಾದದ್ದನ್ನು ಸುಲಭವಾಗಿ ಮುಚ್ಚಲೂಬಹುದು. ಕೋಟ್ಯಂತರ ಡಾಲರಿನ ಯಂತ್ರ ಇಟ್ಟುಕೊಂಡ ಉಕ್ಕಿನ ಕಾರ್ಖಾನೆ ನಷ್ಟವಾದರೂ ಒಂದಷ್ಟು ದಿನ ಓಡುತ್ತದೆ. ಶೆಡ್ಡಿಗೆ ಆ ಹಂಗಿಲ್ಲ. ಆರ್ಡರ್ ಇಲ್ಲವಾ, ನಾಳೆಯಿಂದ ಬರಬೇಡಿ.

ಒಳಗಿನ ಕೆಲಸದ ರೀತಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಐದು, ಆರಕ್ಕೆಲ್ಲ ಲೈನ್ ಶುರು. ಮೊದಲು ಉಕ್ಕಿನ ಚೌಕಟ್ಟಿನ ಮೇಲೆ ನೆಲ ಕೂರಿಸುತ್ತಾರೆ, ಅದರ ಮೇಲೆ ಕಪಾಟು, ಮಂಚದ ಪೆಟ್ಟಿಗೆ, ಆಮೇಲೆ ಗೋಡೆ, ಚಾವಣಿ, ವೈರು, ಪೈಪು. ಕೂಲಿ ಬಹುತೇಕ ಪೀಸ್ ರೇಟ್, ಅಂದರೆ ಗಂಟೆಗಲ್ಲ, ಮುಗಿಸಿದ ಗಾಡಿಯ ಲೆಕ್ಕಕ್ಕೆ. ಇಂದು ಇಷ್ಟು ಗಾಡಿ ಅಂತ ಮೊದಲೇ ಗೊತ್ತು. ಮುಗಿದರೆ ಮಧ್ಯಾಹ್ನ ಒಂದಕ್ಕೋ ಎರಡಕ್ಕೋ ಮನೆಗೆ ಹೋಗಬಹುದು. ಹಾಗಾಗಿ ನಡೆಯುವವರಿಗಿಂತ ಓಡುವವರೇ ಜಾಸ್ತಿ. ಪಕ್ಕದ ಕಂಪನಿ ಬೋನಸ್ ಕೊಟ್ಟರೆ ಸೋಮವಾರ ಅಲ್ಲಿಗೆ ಹಾಜರಿ. ಒಳ್ಳೆ ವರ್ಷದಲ್ಲಿ ಸಂಪಾದನೆ ಭರ್ಜರಿ. ಹೈಸ್ಕೂಲ್ ಮುಗಿಸಿದ ಹುಡುಗ ಡಿಗ್ರಿ ಮಾಡಿದವನಿಗಿಂತ ಹೆಚ್ಚು ದುಡಿಯುತ್ತಾನೆ. ಮತ್ತೆ ಅವನು ಕಾಲೇಜಿಗೆ ಯಾಕೆ ಹೋಗಬೇಕು? ಕೌಂಟಿಯ ವಯಸ್ಕರಲ್ಲಿ ಪದವಿ ಇರುವವರು ಐವರಲ್ಲಿ ಒಬ್ಬರ ಆಸುಪಾಸು. ದೇಶದ ಸರಾಸರಿಗೆ ಹೋಲಿಸಿದರೆ ಇದು ಕಡಿಮೆ.

ಲೈನಿನಲ್ಲಿ ಇರುವವರೂ ಒಂದೇ ಬಗೆಯವರಲ್ಲ. ಮೆಕ್ಸಿಕೊ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೌಂಟಿಯ ಕೇಂದ್ರವಾದ ಗೋಶನ್ ಊರಲ್ಲಿ ಇಂದು ಕಾಲು ಭಾಗಕ್ಕಿಂತ ಹೆಚ್ಚು ಜನ ಲ್ಯಾಟಿನೊಗಳು. ಜೊತೆಗೆ ಆಮಿಶ್ ಸಮುದಾಯ, ಹಳೆಯ ಕಾಲದ ಬದುಕಿಗೆ ಅಂಟಿಕೊಂಡ ಒಂದು ಕ್ರೈಸ್ತ ಪಂಗಡ. ಕಾರು ಇಟ್ಟುಕೊಳ್ಳದ, ಕುದುರೆ ಗಾಡಿಯಲ್ಲಿ ಓಡಾಡುವ ಈ ಜನ ದೇಶಕ್ಕೆಲ್ಲ ಮೋಟಾರು ಮನೆ ಕಟ್ಟಿಕೊಡುತ್ತಾರೆ. ಹೊಲದ ಬೆಲೆ ಏರಿ, ಎಲ್ಲ ಮಕ್ಕಳಿಗೂ ಜಮೀನು ಸಾಲದೆ ಹೋದಾಗ ಅವರೂ ಕಾರ್ಖಾನೆಗೆ ಬಂದರು. ಸರ್ಕಾರದ ಭತ್ಯೆಗೆ ಕೈಯೊಡ್ಡುವುದಕ್ಕೆ ಅವರಲ್ಲಿ ಬಹಳ ಜನ ಹಿಂಜರಿಯುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ದರ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವಾಗ ಬೇಕಾಗುತ್ತದೆ.

ಇನ್ನು ಕುಸಿತಗಳ ವಿಷಯ. ಮೊದಲನೆಯದು 1973ರ ತೈಲ ಬಿಕ್ಕಟ್ಟು. ಅರಬ್ ದೇಶಗಳು ತೈಲ ನಿಲ್ಲಿಸಿದವು, ಪೆಟ್ರೋಲಿಗೆ ಸಾಲು ನಿಂತಿತು, 1972ಕ್ಕೆ ಹೋಲಿಸಿದರೆ 1974ರಲ್ಲಿ ಆರ್‌ವಿ ಮಾರಾಟ ಸುಮಾರು ಅರ್ಧವಾಯಿತು. ಮತ್ತೆ 1979-80ರಲ್ಲಿ ಪೆಟ್ರೋಲಿನ ಜೊತೆ ಬಡ್ಡಿಯೂ ಸೇರಿ ಹೊಡೆಯಿತು. ಬಡ್ಡಿ ಯಾಕೆ ಮುಖ್ಯ ಅಂದರೆ ಇಲ್ಲಿ ಸಾಲ ಎರಡು ಕಡೆ ಇದೆ. ಕೊಳ್ಳುವ ಕುಟುಂಬ ಸಾಲ ಮಾಡಿ ಕೊಳ್ಳುತ್ತದೆ. ಅದಕ್ಕೂ ಮೊದಲು ಡೀಲರು ತನ್ನ ಅಂಗಳದಲ್ಲಿ ನಿಲ್ಲಿಸುವ ಗಾಡಿಗಳನ್ನು ಬ್ಯಾಂಕಿನ ಸಾಲದಲ್ಲೇ ತಂದಿರುತ್ತಾನೆ. ಬಡ್ಡಿ ಏರಿದರೆ ಅಂಗಳದ ಗಾಡಿ ಪ್ರತಿದಿನ ಅವನ ಜೇಬು ತಿನ್ನುತ್ತದೆ. ಅವನು ಮಾಡುವ ಮೊದಲ ಕೆಲಸ ಹೊಸ ಆರ್ಡರ್ ನಿಲ್ಲಿಸುವುದು. ಹಾಗಾಗಿ ಜನ ಕೊಳ್ಳುವುದು ಸ್ವಲ್ಪ ಕಡಿಮೆಯಾದರೆ ಕಾರ್ಖಾನೆಯ ಆರ್ಡರ್ ಪೂರ್ತಿ ನಿಂತೇ ಹೋಗುತ್ತದೆ. ದೇಶದ ಆರ್ಥಿಕತೆಗೆ ನೆಗಡಿ ಬರುವ ಮುಂಚೆಯೇ ಎಲ್ಕ್‌ಹಾರ್ಟ್‌ಗೆ ಜ್ವರ ಬಂದಿರುತ್ತದೆ. ಆರ್ಥಿಕ ತಜ್ಞರು ಆರ್‌ವಿ ಲೆಕ್ಕವನ್ನು ಮುನ್ಸೂಚನೆಯ ಹಾಗೆ ನೋಡುವುದು ಇದಕ್ಕೇ.

2008ರಲ್ಲಿ ಎಲ್ಲ ಒಟ್ಟಿಗೆ ಬಂತು. ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ಜುಲೈನಲ್ಲಿ ಆರ್‌ವಿ ಮಾಡುವ ಮೊನಾಕೊ ಕೋಚ್ ಕಂಪನಿ ವಾಕರೂಸ, ನಪ್ಪಾನಿ ಮತ್ತು ಎಲ್ಕ್‌ಹಾರ್ಟ್ ಭಾಗದ ಘಟಕಗಳನ್ನು ಮುಚ್ಚುವುದಾಗಿ ಹೇಳಿತು. ಒಂದೇ ಏಟಿಗೆ ಸುಮಾರು 1,400 ಜನ. ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಬಿದ್ದವು, ಡೀಲರುಗಳಿಗೆ ಸಾಲ ಕೊಡುವವರೇ ಇಲ್ಲವಾದರು. 2006ರಲ್ಲಿ 3,90,500 ಆರ್‌ವಿಗಳು ದೇಶದ ಕಾರ್ಖಾನೆಗಳಿಂದ ಹೊರಬಿದ್ದಿದ್ದವು. 2009ರಲ್ಲಿ 1,65,700.

2009ರ ಫೆಬ್ರುವರಿ 9ರಂದು ಬರಾಕ್ ಒಬಾಮ ಇಲ್ಲಿನ ಕಾನ್‌ಕಾರ್ಡ್ ಹೈಸ್ಕೂಲಿಗೆ ಬಂದರು. ಅಧ್ಯಕ್ಷರಾಗಿ ಮೂರು ವಾರವೂ ಆಗಿರಲಿಲ್ಲ. ಒಂದೇ ವರ್ಷದಲ್ಲಿ ಇಲ್ಲಿನ ದರ ಶೇ 4.7ರಿಂದ ಶೇ 15.3ಕ್ಕೆ ಏರಿದೆ ಅಂತ ಹೇಳಿ 787 ಶತಕೋಟಿ ಡಾಲರಿನ ಉತ್ತೇಜನ ಪ್ಯಾಕೇಜಿಗೆ ಬೆಂಬಲ ಕೇಳಿದರು. ಆಗಸ್ಟ್‌ನಲ್ಲಿ ಮತ್ತೆ ಬಂದರು, ಈ ಸಲ ಮೊನಾಕೊದ ಹಳೆ ಕಾರ್ಖಾನೆಗೆ. ಅದನ್ನು ಅಷ್ಟು ಹೊತ್ತಿಗೆ ಟ್ರಕ್ ಕಂಪನಿ ನ್ಯಾವಿಸ್ಟಾರ್ ತೆಗೆದುಕೊಂಡಿತ್ತು. ವಿದ್ಯುತ್ ಟ್ರಕ್ ಮಾಡಲು ಆ ಕಂಪನಿಗೆ 39 ದಶಲಕ್ಷ ಡಾಲರ್ ಅನುದಾನ. ನಾರ್ವೆಯ ಥಿಂಕ್ ಕಂಪನಿಯೂ ಇಲ್ಲಿ ವಿದ್ಯುತ್ ಕಾರು ಮಾಡುತ್ತೇವೆ ಅಂತ ಬಂತು. ಆರ್‌ವಿ ರಾಜಧಾನಿ ಇನ್ನು ವಿದ್ಯುತ್ ವಾಹನಗಳ ರಾಜಧಾನಿ ಆಗುತ್ತದೆ ಅನ್ನುವ ಮಾತು ಜೋರಾಗಿತ್ತು. ಥಿಂಕ್ 2011ರಲ್ಲಿ ದಿವಾಳಿ ಎದ್ದಿತು. ನ್ಯಾವಿಸ್ಟಾರ್ 2013ರಲ್ಲಿ ಆ ಟ್ರಕ್ಕಿನ ಸಹವಾಸ ಬಿಟ್ಟಿತು.

ಅಷ್ಟರಲ್ಲಿ ಆರ್‌ವಿ ವಾಪಸ್ ಬಂದಿತ್ತು. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯ ಅನ್ನಿಸುವುದು ಈ ತಿರುವು. ಬೇರೆ ಉದ್ಯಮ ತರಬೇಕು ಅನ್ನುವ ಮಾತು ಕೆಟ್ಟ ಕಾಲದಲ್ಲಿ ಮಾತ್ರ ಎದ್ದು, ಒಳ್ಳೆ ಕಾಲ ಬಂದೊಡನೆ ಮಲಗುತ್ತದೆ. ಕೆಟ್ಟ ಕಾಲದಲ್ಲಿ ಹಣ ಇರುವುದಿಲ್ಲ. ಒಳ್ಳೆ ಕಾಲದಲ್ಲಿ ಹೊಸ ಕಂಪನಿಗೆ ಜನ ಸಿಗುವುದಿಲ್ಲ, ಆರ್‌ವಿಯವರು ಕೊಡುವ ಕೂಲಿಗೆ ಪೈಪೋಟಿ ಕೊಡಲು ಅದಕ್ಕೆ ಆಗುವುದಿಲ್ಲ. ಪ್ರತಿ ಕುಸಿತದಲ್ಲಿ ಸಣ್ಣ ಕಂಪನಿಗಳು ಮುಳುಗಿದವು, ಉಳಿದವನ್ನು ದೊಡ್ಡವರು ನುಂಗಿದರು. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ 2005ರಲ್ಲಿ ಕೊಂಡಿದ್ದ ಫಾರೆಸ್ಟ್ ರಿವರ್, 2008ರ ಕೊನೆಗೆ ಕೋಚ್‌ಮೆನ್‌ನ ಆರ್‌ವಿ ವ್ಯವಹಾರ ತೆಗೆದುಕೊಂಡಿತು. ಥೋರ್ ಕಂಪನಿ 2016ರಲ್ಲಿ ಜೇಕೊ ಕೊಂಡಿತು. ಹೀಗೆ ಊರಿನ ಅನ್ನ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿ ಬಂದು ಕೂತಿತು. ಕೌಂಟಿಯ ಉದ್ಯೋಗಗಳಲ್ಲಿ ಹತ್ತಿರ ಹತ್ತಿರ ಅರ್ಧ ಇವತ್ತಿಗೂ ಕಾರ್ಖಾನೆಯವೇ.

ರಾಜಕೀಯದವರಿಗೆ ಈ ದರ ಒಳ್ಳೆ ಸರಕು. 2016ರ ಜೂನ್‌ನಲ್ಲಿ ಒಬಾಮ ಮತ್ತೆ ಬಂದು, ದರ ಶೇ 4ಕ್ಕೆ ಇಳಿದಿದೆ ನೋಡಿ ಅಂದರು. ಅದೇ ವರ್ಷ ನವೆಂಬರ್‌ನಲ್ಲಿ ಕೌಂಟಿ ದೊಡ್ಡ ಅಂತರದಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಮತ ಹಾಕಿತು. 2018ರ ಮೇನಲ್ಲಿ ಟ್ರಂಪ್ ಕೂಡ ಇಲ್ಲಿಗೇ ಬಂದು ರ‍್ಯಾಲಿ ಮಾಡಿದರು. ಇಬ್ಬರೂ ತಮ್ಮದೇ ಸಾಧನೆ ಅಂದುಕೊಂಡ ಚೇತರಿಕೆಯ ಹಿಂದೆ ಅಗ್ಗದ ಪೆಟ್ರೋಲ್, ಕಡಿಮೆ ಬಡ್ಡಿ, ನಿವೃತ್ತರಾಗಿ ಕೈಯಲ್ಲಿ ದುಡ್ಡಿದ್ದ ಪೀಳಿಗೆ ಇತ್ತು.

ಕೋವಿಡ್ ಬಂದಾಗ ಆದದ್ದು ಬೇರೆ ತರಹ. 2020ರ ಮಾರ್ಚ್ ಕೊನೆಗೆ ಕಾರ್ಖಾನೆಗಳು ಬಾಗಿಲು ಹಾಕಿದವು, ಮೇನಲ್ಲಿ ತೆರೆದವು. ವಿಮಾನ ಹತ್ತಲು, ಹೋಟೆಲಿನಲ್ಲಿ ಮಲಗಲು ಹೆದರಿದ ಜನ ಆರ್‌ವಿ ಅಂಗಡಿಗೆ ಮುಗಿಬಿದ್ದರು. 2021ರಲ್ಲಿ 6,00,240 ಗಾಡಿ, ಅದೇ ದಾಖಲೆ. ಆಮೇಲೆ ಬಡ್ಡಿ ಏರಿತು, 2023ರಲ್ಲಿ 3,13,174. ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. 2008ರ ಲೆಕ್ಕದಲ್ಲಿ ನೋಡಿದರೆ ದರ ಮತ್ತೆ ಎರಡಂಕಿ ದಾಟಬೇಕಿತ್ತು. ದಾಟಲಿಲ್ಲ.

ಯಾಕೆ ಅಂತ ತಿಳಿಯಲು ದರ ಹುಟ್ಟುವ ರೀತಿ ನೋಡಬೇಕು. ಅಮೆರಿಕದಲ್ಲಿ ಪ್ರತಿ ತಿಂಗಳು ಸುಮಾರು 60,000 ಮನೆಗಳ ಸಮೀಕ್ಷೆ ನಡೆಯುತ್ತದೆ. ಕೆಲಸ ಇಲ್ಲದ, ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ, ಸಿಕ್ಕರೆ ಮಾಡಲು ತಯಾರಿರುವವರು ನಿರುದ್ಯೋಗಿಗಳು. ಮತ್ತೆ ಕರೆಯುತ್ತೇವೆ ಅಂತ ಹೇಳಿ ಕಳಿಸಿದವರು ಹುಡುಕದಿದ್ದರೂ ಲೆಕ್ಕಕ್ಕೆ ಬರುತ್ತಾರೆ. ದೇಶಕ್ಕೆ ಇದು ಸಾಕು. ಎಲ್ಕ್‌ಹಾರ್ಟ್‌ನಂಥ ಕೌಂಟಿಗೆ ಅದರಲ್ಲಿ ಸಿಗುವ ಮನೆ ಬೆರಳೆಣಿಕೆ. ಅದಕ್ಕೇ ನಿರುದ್ಯೋಗ ಭತ್ಯೆ ಕೇಳಿದವರ ಸಂಖ್ಯೆ, ಉದ್ಯೋಗಗಳ ಲೆಕ್ಕ ಎಲ್ಲ ಸೇರಿಸಿ, ರಾಜ್ಯದ ಮೊತ್ತಕ್ಕೆ ಹೊಂದಿಸಿ ಕೌಂಟಿಯ ದರ ಅಂದಾಜು ಮಾಡುತ್ತಾರೆ. ಭತ್ಯೆ ಕೇಳದ ಆಮಿಶ್ ಕೆಲಸಗಾರ ಇಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. (ಅಂದಾಜಾದರೂ ಇದೆಯಲ್ಲ ಅನ್ನಿ. ದಾವಣಗೆರೆಗೋ ಕೋಲಾರಕ್ಕೋ ತಿಂಗಳು ತಿಂಗಳು ಇಂಥ ಒಂದು ದರ ಪ್ರಕಟವಾಗುವುದಿಲ್ಲ.)

ಇನ್ನೊಂದು ನಿಯಮ ಇದೆ. ಸಮೀಕ್ಷೆಯ ವಾರದಲ್ಲಿ ಕೂಲಿಗೆ ಒಂದು ಗಂಟೆ ದುಡಿದಿದ್ದರೂ ಅವರು ಉದ್ಯೋಗಿಯೇ. ಕೋವಿಡ್ ನಂತರ ಜನ ಸಿಗದೆ ಒದ್ದಾಡಿದ್ದ ಕಂಪನಿಗಳು ಕೈಪಳಗಿದವರನ್ನು ಬಿಟ್ಟುಕೊಡಲು ಮನಸ್ಸು ಮಾಡಲಿಲ್ಲ. ಆರ್ಡರ್ ಇಳಿದಾಗ ಆಳು ತೆಗೆಯುವ ಬದಲು ದಿನ ತೆಗೆದವು. ವಾರಕ್ಕೆ ಐದು ದಿನ ಇದ್ದದ್ದು ನಾಲ್ಕಾಯಿತು, ಕೆಲವು ಕಡೆ ಮೂರಾಯಿತು. ಪೀಸ್ ರೇಟಿನವನಿಗೆ ಗಾಡಿ ಕಡಿಮೆ ಅಂದರೆ ಸಂಬಳವೂ ಅಷ್ಟೇ ಕಡಿಮೆ. ಮನೆ ಕಂತು, ಕಾರಿನ ಕಂತು ಮಾತ್ರ 2021ರ ಸಂಪಾದನೆ ನೋಡಿ ಮಾಡಿಕೊಂಡದ್ದು. ಅವನು ಗುರುವಾರ, ಶುಕ್ರವಾರ ಮನೆಯಲ್ಲೇ ಇರುತ್ತಾನೆ, ದರದ ಪಟ್ಟಿಯಲ್ಲಿ ಉದ್ಯೋಗಿಯಾಗಿಯೇ ಇರುತ್ತಾನೆ.